ಎರಡು ದಿನದ ತೆಮರಿ ಕೂಟ: ಮೊದಲು ಚೆಂಡನ್ನು ಆರಿಸಿ, ಆಮೇಲೆ ಊರನ್ನು

ದಾರದ ಚೆಂಡಿನ ಹವ್ಯಾಸವಿರುವ ಎಂಟು ಹತ್ತು ಜನ ಒಂದು ವಾರಾಂತ್ಯ ಒಟ್ಟಿಗೆ ಕೂತು ಹೊಲಿಯೋಣ ಎಂದು ಮಾತಾಡಿಕೊಂಡಾಗ ಮೊದಲು ಏಳುವ ಪ್ರಶ್ನೆ, ಎಲ್ಲಿ ಸೇರುವುದು ಎಂಬುದು. ಮತ್ಸುಮೊತೊ ಆಗಬಹುದೇ, ತಕಮತ್ಸುವಿಗೆ ಹೋಗಬೇಕೇ, ಯಾರದಾದರೂ ಮನೆಯೇ ಸಾಕೇ ಎಂಬ ಚರ್ಚೆಯಲ್ಲಿ ವಾರಗಳು ಕಳೆಯುತ್ತವೆ. ಜಪಾನಿನಲ್ಲಿ ಇದ್ದುಕೊಂಡು ಇಂಥ ಕೂಟಗಳನ್ನು ಕೆಲವು ಸಲ ನಡೆಸಿದ ಮೇಲೆ ನನಗೆ ಖಚಿತವಾಗಿರುವುದೆಂದರೆ, ಈ ಪ್ರಶ್ನೆಯನ್ನು ಕೊನೆಗೆ ಕೇಳಬೇಕು. ಎರಡು ದಿನದಲ್ಲಿ ಯಾವ ಚೆಂಡನ್ನು ಮಾಡುತ್ತೇವೆ ಎಂಬುದು ಮೊದಲು ತೀರ್ಮಾನವಾದರೆ, ಸೂಜಿ ಹಿಡಿಯಲು ಎಷ್ಟು ಗಂಟೆ ಬೇಕು, ಎಂಥ ಬೆಳಕು ಬೇಕು, ರಾತ್ರಿಯೂ ಅದೇ ಕೋಣೆ ನಮ್ಮ ಕೈಯಲ್ಲಿ ಇರಬೇಕೇ ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಜಾಗ ಅದರ ಹಿಂದೆಯೇ ಬರುತ್ತದೆ.

ಹೊಸಬರಿಗಾಗಿ ಎರಡು ಮಾತು. ತೆಮರಿ ಎಂದರೆ ಬಣ್ಣದ ದಾರಗಳಿಂದ ಹೊಲಿದು ಅಲಂಕರಿಸಿದ ಚೆಂಡು. ಜಪಾನೀ ಭಾಷೆಯಲ್ಲಿ ತೆ ಎಂದರೆ ಕೈ, ಮರಿ ಎಂದರೆ ಚೆಂಡು. ಆ ಎರಡನೆಯ ಪದ ಕನ್ನಡದ ಕಿವಿಗೆ ಮುದ್ದಾಗಿ ಕೇಳಿಸುವುದು ಬರಿಯ ಕಾಕತಾಳೀಯ, ಆದರೂ ಅದು ನನಗೆ ಪ್ರತಿ ಸಲವೂ ಇಷ್ಟವಾಗುತ್ತದೆ. 1603ರಿಂದ 1868ರವರೆಗಿನ ಎಡೊ ಕಾಲದಲ್ಲಿ ಉಳ್ಳವರ ಮನೆಯ ಹೆಂಗಸರು ರೇಷ್ಮೆ ದಾರದಲ್ಲಿ ಇದನ್ನು ಮಾಡುತ್ತಿದ್ದರು. ಹತ್ತಿಯ ನೂಲು ಎಲ್ಲರ ಕೈಗೆಟುಕಿದ ಮೇಲೆ ಊರೂರಿನ ಮಕ್ಕಳ ಆಟಿಕೆಯಾಯಿತು. ಎಡೊದ ನಂತರದ ಮೆಯ್ಜಿ ಕಾಲದಲ್ಲಿ ರಬ್ಬರ್ ಚೆಂಡು ಬಂದಾಗ ಆಟದ ಅಂಗಳದಿಂದ ಹಿಂದೆ ಸರಿದು, ಉಡುಗೊರೆಯಾಗಿ ಮತ್ತು ಕೈಕಸುಬಾಗಿ ಉಳಿದುಕೊಂಡಿತು.

ಯಾವ ಚೆಂಡು?

ತೆಮರಿಯ ವಿನ್ಯಾಸವೆಲ್ಲ ನಿಂತಿರುವುದು ಜಿವರಿಯ ಮೇಲೆ, ಅಂದರೆ ನೂಲು ಸುತ್ತಿದ ಗೋಳದ ಮೇಲೆ ಗುಂಡುಸೂಜಿಗಳನ್ನು ಚುಚ್ಚಿ, ಹೊಳೆಯುವ ತೆಳುದಾರದಿಂದ ಎಳೆಯುವ ಗೆರೆಗಳ ಮೇಲೆ. ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕಿದವರಿಗೆ ಇದರ ತರ್ಕ ಬೇಗ ಕೈಗೆ ಹತ್ತುತ್ತದೆ, ಏಕೆಂದರೆ ಇಲ್ಲಿಯೂ ಚುಕ್ಕಿ ತಪ್ಪಿದರೆ ಎಳೆ ಕೂಡುವುದಿಲ್ಲ. ಕೂಟದ ಮಟ್ಟಿಗೆ ಹೋಲಿಸಿ ನೋಡಬೇಕಾದದ್ದು ಮೂರು ಬಗೆಯ ಜಿವರಿ: ಸರಳ ವಿಭಜನೆ, ಎಂಟರ ಸಂಯೋಜನೆ ಮತ್ತು ಹತ್ತರ ಸಂಯೋಜನೆ.

ಸರಳ ವಿಭಜನೆಯಲ್ಲಿ ಉತ್ತರ ಧ್ರುವದಿಂದ ದಕ್ಷಿಣ ಧ್ರುವಕ್ಕೆ ಎಂಟೋ ಹನ್ನೆರಡೋ ಹದಿನಾರೋ ಗೆರೆಗಳು ಇಳಿಯುತ್ತವೆ, ನಡುವಿನಲ್ಲಿ ಓಬಿ ಎಂಬ ಸುತ್ತುಗೆರೆ ಇರುತ್ತದೆ. ಕಾಗದದ ಒಂದು ಪಟ್ಟಿಯನ್ನು ಚೆಂಡಿನ ಸುತ್ತಳತೆಗೆ ಸರಿಯಾಗಿ ಕತ್ತರಿಸಿ, ಅರ್ಧಕ್ಕೆ ಮಡಿಸಿದರೆ ಎದುರಿನ ಧ್ರುವ ಸಿಗುತ್ತದೆ, ಕಾಲಕ್ಕೆ ಮಡಿಸಿದರೆ ಓಬಿ ಸಿಗುತ್ತದೆ, ಹದಿನಾರಕ್ಕೆ ಮಡಿಸಿದರೆ ಓಬಿಯ ಮೇಲಿನ ಎಲ್ಲ ಗುರುತುಗಳೂ ಸಿಗುತ್ತವೆ. ಲೆಕ್ಕ ಮಾಡಬೇಕಾದ ಅಗತ್ಯವೇ ಇಲ್ಲ. ಈ ಹದಿನಾರು ಗೆರೆಗಳ ಮೇಲೆ ಒಂದು ಬಿಟ್ಟು ಒಂದರಂತೆ ಮೇಲೆ ಕೆಳಗೆ ಹೊಲಿಯುತ್ತ ಹೋದರೆ ಎಂಟು ಎಸಳಿನ ಸೇವಂತಿಗೆ ಅರಳುತ್ತದೆ. ಜಪಾನೀಯರು ಕಿಕು ಎನ್ನುವ ಈ ವಿನ್ಯಾಸದಲ್ಲಿ ಪ್ರತಿ ಸುತ್ತಿನ ಹೊಲಿಗೆಯೂ ಹಿಂದಿನದರ ಮೇಲೆ ಹತ್ತಿ ಕೂರುವುದರಿಂದ, ಹೊಸಬರ ಕೈಯ ಸಣ್ಣಪುಟ್ಟ ಏರುಪೇರುಗಳು ಒಂದರಡಿಯಲ್ಲಿ ಒಂದು ಮುಚ್ಚಿಹೋಗುತ್ತವೆ. ಗೋಳ ಸುತ್ತಲು ಒಂದೂವರೆ ಗಂಟೆ, ಗೆರೆ ಎಳೆಯಲು ಮುಕ್ಕಾಲು ಗಂಟೆ, ಎರಡು ಕಡೆಯ ಹೂವಿಗೆ ನಾಲ್ಕೈದು ಗಂಟೆ, ಓಬಿಗೆ ಒಂದು ಗಂಟೆ ಎಂದು ಇಟ್ಟುಕೊಂಡರೆ, ಶನಿವಾರ ಮಧ್ಯಾಹ್ನ ಶುರುಮಾಡಿದವರು ಭಾನುವಾರ ಚಹಾದ ಹೊತ್ತಿಗೆ ಮುಗಿದ ಚೆಂಡನ್ನು ಕೈಯಲ್ಲಿ ಹಿಡಿದಿರುತ್ತಾರೆ.

ಎಂಟರ ಸಂಯೋಜನೆ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಇಲ್ಲಿ ಧ್ರುವ ಎಂಬುದು ಎರಡೇ ಅಲ್ಲ. ಎಂಟು ಗೆರೆಗಳು ಕೂಡುವ ಕೇಂದ್ರಗಳು ಆರು, ಆರು ಗೆರೆಗಳು ಕೂಡುವವು ಎಂಟು, ನಾಲ್ಕು ಕೂಡುವವು ಹನ್ನೆರಡು. ದಾಳದ ಆರು ಮುಖಗಳನ್ನು ಉಬ್ಬಿಸಿ ಗೋಳವಾಗಿಸಿದಂತೆ ಊಹಿಸಿಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಒಂದೊಂದು ಮುಖಕ್ಕೆ ಮಸು ಎಂಬ ಚೌಕದ ಹೊಲಿಗೆ ಹಾಕುವುದು ಇದರಲ್ಲಿ ಅತ್ಯಂತ ಸಮಾಧಾನದ ಕೆಲಸ. ಎರಡು ಮೂರು ಚೆಂಡು ಮಾಡಿದ ಅನುಭವವಿರುವವರ ಗುಂಪಿಗೆ ಇದು ಸರಿಹೊಂದುತ್ತದೆ, ಆದರೆ ಸುತ್ತಿದ ಗೋಳವನ್ನು ಅವರು ಮನೆಯಿಂದಲೇ ತರಬೇಕು.

ಹತ್ತರ ಸಂಯೋಜನೆಯ ಸೊಗಸಿಗೆ ಸಾಟಿಯಿಲ್ಲ. ಗೋಳದ ಮೇಲೆ ಹನ್ನೆರಡು ಪಂಚಕೋನಗಳು, ಎಲ್ಲ ಗೆರೆಗಳೂ ಬಿದ್ದ ಮೇಲೆ ನೂರ ಇಪ್ಪತ್ತು ಪುಟ್ಟ ತ್ರಿಕೋನಗಳು. ಧ್ರುವದಿಂದ ಮೊದಲ ಐದು ಗುಂಡುಸೂಜಿಗಳು ಎಷ್ಟು ದೂರ ಇರಬೇಕೆಂಬುದಕ್ಕೆ ಒಂದು ಸುಲಭ ಸೂತ್ರ ಬಳಕೆಯಲ್ಲಿದೆ: ಸುತ್ತಳತೆಯ ಆರನೆಯ ಒಂದು ಭಾಗಕ್ಕೆ ಅದರ ನೂರನೆಯ ಒಂದು ಭಾಗವನ್ನು ಕೂಡಿಸುವುದು. ಸುತ್ತಳತೆ 30 ಸೆಂಟಿಮೀಟರ್ ಆದರೆ 5ಕ್ಕೆ 0.3 ಸೇರಿಸಿ 5.3 ಸೆಂಟಿಮೀಟರ್. ಲೆಕ್ಕ ಇಷ್ಟೇ ಆದರೂ ಕೈಗೆ ಇದು ಕಷ್ಟ. ಗೋಳ ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ದುಂಡಗಿರದಿದ್ದರೆ ಮೊದಲ ಸೂಜಿಯ ಎರಡು ಮಿಲಿಮೀಟರ್ ತಪ್ಪು ಹನ್ನೆರಡನೆಯ ಪಂಚಕೋನಕ್ಕೆ ಬರುವಷ್ಟರಲ್ಲಿ ಕಣ್ಣಿಗೆ ರಾಚುವಷ್ಟು ಬೆಳೆದಿರುತ್ತದೆ. ನಾನು ಮೊದಲು ನಡೆಸಿದ ಕೂಟಕ್ಕೆ ಈ ಚೆಂಡನ್ನೇ ಆರಿಸಿದ್ದೆ. ಭಾನುವಾರ ಮಧ್ಯಾಹ್ನ ಎಂಟು ಜನರಲ್ಲಿ ಆರು ಜನ ಇನ್ನೂ ಗುಂಡುಸೂಜಿಗಳನ್ನು ಕಿತ್ತು ಮತ್ತೆ ಚುಚ್ಚುತ್ತಲೇ ಇದ್ದರು, ಮತ್ತು ಅವರ ಮುಖದ ದಣಿವು ನನಗೆ ಇಂದಿಗೂ ನೆನಪಿದೆ. ಹತ್ತರ ಸಂಯೋಜನೆಯನ್ನು ಆರಿಸುವುದಾದರೆ ಗೆರೆ ಎಳೆದು ಮುಗಿಸಿದ ಚೆಂಡನ್ನೇ ಎಲ್ಲರೂ ತರಬೇಕೆಂದು ಒಂದು ತಿಂಗಳ ಮೊದಲೇ ತಿಳಿಸಿ. ಇಲ್ಲವಾದರೆ ಆ ವಾರಾಂತ್ಯವನ್ನು ಜಿವರಿ ಕಲಿಯಲೆಂದೇ ಮೀಸಲಿಟ್ಟು, ಹೊಲಿಗೆಯ ಮಾತನ್ನು ಎತ್ತಬೇಡಿ.

ಹೊಸಬರು ಮತ್ತು ನುರಿತವರು ಬೆರೆತ ಗುಂಪಿನಲ್ಲಿ ನನ್ನ ಆಯ್ಕೆ ಹೀಗಿರುತ್ತದೆ: ಪ್ರತಿಯೊಬ್ಬರಿಗೂ ಸುಮಾರು 24 ಸೆಂಟಿಮೀಟರ್ ಸುತ್ತಳತೆಯ, ಅಂದರೆ ಏಳೂವರೆ ಸೆಂಟಿಮೀಟರಿಗೆ ತುಸು ಹೆಚ್ಚು ಅಗಲದ, ಒಂದು ಸೇವಂತಿಗೆಯ ಚೆಂಡು, ಅದರ ಜೊತೆಗೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಚೆಂಡು. ಆರು ಜನರಿದ್ದರೆ ಆ ದೊಡ್ಡ ಚೆಂಡಿಗೆ ಎಂಟರ ಸಂಯೋಜನೆ ಮಾಡಿ ಒಬ್ಬೊಬ್ಬರಿಗೆ ಒಂದು ಚೌಕ. ಹನ್ನೆರಡು ಜನರಿದ್ದರೆ ಹತ್ತರ ಸಂಯೋಜನೆ ಮಾಡಿ ಒಬ್ಬೊಬ್ಬರಿಗೆ ಒಂದು ಪಂಚಕೋನ. ಅದರ ಗೆರೆಗಳನ್ನು ಆತಿಥ್ಯ ವಹಿಸಿದವರು ಮೊದಲೇ ಎಳೆದಿಟ್ಟಿರಬೇಕು. ದಾರವನ್ನು ಬಿಗಿಯಾಗಿ ಎಳೆಯುವವರು, ಸಡಿಲ ಬಿಡುವವರು, ಎಣಿಸಿ ಎಣಿಸಿ ಹೊಲಿಯುವವರು, ಇವರೆಲ್ಲರ ಕೈಗುರುತು ಒಂದೇ ಚೆಂಡಿನ ಮೇಲೆ ಬೇರೆಬೇರೆಯಾಗಿ ಕಾಣುವುದನ್ನು ನೋಡಿದವರು ಅದನ್ನು ಬೇಗ ಮರೆಯುವುದಿಲ್ಲ.

ಕಲಿಸುವವರನ್ನು ಕರೆಯಬೇಕೇ ಎಂಬುದೂ ಇಲ್ಲಿಯೇ ತೀರ್ಮಾನವಾಗಬೇಕು. 1979ರಲ್ಲಿ ಸ್ಥಾಪನೆಯಾದ ಜಪಾನ್ ತೆಮರಿ ಸಂಘ ಕಲಿಕೆಯನ್ನು ಹಂತಹಂತವಾಗಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ, ಅಲ್ಲಿ ಶಿಹಾನ್ ಎಂದರೆ ಕಲಿಸಲು ಅರ್ಹತೆ ಪಡೆದವರು. ಅಂಥವರೊಬ್ಬರು ಬಂದರೆ ಎಲ್ಲರೂ ಒಂದೇ ವಿನ್ಯಾಸವನ್ನು ಒಂದೇ ವೇಗದಲ್ಲಿ ಮಾಡಬೇಕಾಗುತ್ತದೆ, ಅದು ಹೊಸಬರಿಗೆ ವರ. ನುರಿತವರಷ್ಟೇ ಸೇರಿದಾಗ ಗುರುಗಳಿಲ್ಲದೆ ಅವರವರ ಚೆಂಡನ್ನು ಅವರವರು ಮಾಡುವುದೇ ಚೆನ್ನ. ಗುರುಗಳ ವಿನ್ಯಾಸದ ಚಿತ್ರ ತೆಗೆಯುವ ಮೊದಲು ಅವರ ಒಪ್ಪಿಗೆ ಕೇಳುವುದನ್ನು ಮರೆಯಬಾರದು.

ಒಳಗೇನು, ಹೊರಗೇನು

ಒಳತಿರುಳಿಗೆ ಭತ್ತದ ಹೊಟ್ಟು ಮತ್ತು ಥರ್ಮಾಕೋಲ್ ಗೋಳ ಎಂಬ ಎರಡು ಆಯ್ಕೆಗಳಲ್ಲಿ ನನ್ನ ಮನಸ್ಸು ಹೊಟ್ಟಿನ ಕಡೆಗೇ. ತೆಳುಕಾಗದದಲ್ಲಿ ಕಟ್ಟಿದ ಹೊಟ್ಟಿನ ಉಂಡೆಯ ಮೇಲೆ ನೂಲು ಸುತ್ತುತ್ತ ಅಂಗೈಯಲ್ಲಿ ಉರುಳಿಸಿದಂತೆಲ್ಲ ಅದು ನಮ್ಮ ಮಾತು ಕೇಳಿ ದುಂಡಗಾಗುತ್ತದೆ, ಗುಂಡುಸೂಜಿ ಅದರಲ್ಲಿ ಅಲುಗಾಡದೆ ನಿಲ್ಲುತ್ತದೆ, ಹೊಲಿಯುವ ಸೂಜಿ ಸದ್ದಿಲ್ಲದೆ ಜಾರುತ್ತದೆ. ಥರ್ಮಾಕೋಲ್‌ನಲ್ಲಿ ಸೂಜಿ ಕಿರುಗುಟ್ಟುತ್ತದೆ ಮತ್ತು ಮೇಲಿನ ನೂಲಿನ ಪದರ ತೆಳುವಾಗಿದ್ದರೆ ದಾರ ಹಿಡಿಯುವುದಿಲ್ಲ. ಆದರೆ ಅದು ಮೊದಲೇ ದುಂಡಗಿರುವುದರಿಂದ ಸುತ್ತುವ ಸಮಯ ಅರ್ಧದಷ್ಟು ಉಳಿಯುತ್ತದೆ. ಹಾಗಾಗಿ ಸೇವಂತಿಗೆಗೆ ಹೊಟ್ಟು, ಗೆರೆಯ ನಿಖರತೆ ಮುಖ್ಯವಾದ ಹತ್ತರ ಸಂಯೋಜನೆಗೆ ಥರ್ಮಾಕೋಲ್ ಎಂದು ಬೇರ್ಪಡಿಸಿಕೊಂಡರೆ ತೊಂದರೆಯಾಗದು. ಹೊಟ್ಟನ್ನು ಬಿಸಿಲಿಗೆ ಹರಡಿ ಚೆನ್ನಾಗಿ ಒಣಗಿಸಿರಬೇಕು, ಇಲ್ಲದಿದ್ದರೆ ಹುಳು ಬರುತ್ತದೆ. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಇಂಥ ಕೂಟ ನಡೆಸಬೇಕೆಂದಿರುವವರಿಗೆ ಹೊಟ್ಟು ಯಾವ ಅಕ್ಕಿ ಗಿರಣಿಯಲ್ಲಿಯಾದರೂ ಸಿಗುತ್ತದೆ ಎಂಬುದು ದೊಡ್ಡ ಅನುಕೂಲ.

ಹೊರಗಿನ ದಾರದಲ್ಲಿ ಐದನೆಯ ನಂಬರಿನ ಪರ್ಲ್ ಕಾಟನ್ ಎಂಬ ಕಸೂತಿಯ ಹತ್ತಿ ದಾರ ಎಲ್ಲೆಡೆ ದೊರೆಯುತ್ತದೆ. ಡಿಎಂಸಿ ಕಂಪನಿಯ ಒಂದು ಲಡಿಯಲ್ಲಿ 25 ಮೀಟರ್ ಇರುತ್ತದೆ. ಅದರ ಹೊಳಪು ಸುಂದರ, ಬಣ್ಣ ಒಂದು ಲಡಿಯಿಂದ ಇನ್ನೊಂದಕ್ಕೆ ಬದಲಾಗುವುದಿಲ್ಲ, ಆದ್ದರಿಂದ ನಡುವೆ ದಾರ ಮುಗಿದರೆ ಅದೇ ಸಂಖ್ಯೆಯದನ್ನು ತಂದು ಮುಂದುವರಿಸಬಹುದು. ಗಿಡಮೂಲದ ಬಣ್ಣ ಹಾಕಿದ ಹತ್ತಿಯ ದಾರ ಇದಕ್ಕಿಂತ ದುಬಾರಿ, ಹೊಳಪೂ ಇಲ್ಲ, ಒಂದು ಸಲದ ಬಣ್ಣ ಇನ್ನೊಂದು ಸಲ ಬರುವುದಿಲ್ಲ. ಹಾಗಿದ್ದರೂ ಕೂಟಕ್ಕೆ ನಾನು ಅದನ್ನೇ ಹೆಚ್ಚು ಮೆಚ್ಚುತ್ತೇನೆ. ನೂರು ಬಣ್ಣಗಳ ಮುಂದೆ ಕೂತ ಹೊಸಬರು ಆಯ್ಕೆಯಲ್ಲಿಯೇ ಒಂದು ಗಂಟೆ ಕಳೆಯುತ್ತಾರೆ. ಗಿಡದ ಬಣ್ಣಗಳಲ್ಲಿ ಯಾವುದನ್ನು ಯಾವುದರ ಪಕ್ಕ ಇಟ್ಟರೂ ಅವು ಒಂದನ್ನೊಂದು ಕೆಡಿಸುವುದಿಲ್ಲ.

ಮನೆ, ಸಮುದಾಯ ಭವನ, ತಂಗುಮನೆ

ಈಗ ಜಾಗ. ಸೇವಂತಿಗೆಯ ಚೆಂಡಿಗೆ ಎಂಟು ಗಂಟೆ ಬೇಕೆಂದು ತಿಳಿದಿರುವುದರಿಂದ ಹೋಲಿಕೆ ನೇರವಾಗುತ್ತದೆ.

ಸ್ವಂತ ಮನೆಯಲ್ಲಿ ಗಂಟೆಗಳ ಮಿತಿ ಇಲ್ಲ, ರಾತ್ರಿ ಹನ್ನೊಂದರವರೆಗೂ ಕೂರಬಹುದು, ಅರ್ಧ ಹೊಲಿದ ಚೆಂಡನ್ನು ಅಲ್ಲಿಯೇ ಬಿಟ್ಟು ಮಲಗಬಹುದು. ಆದರೆ ಜಪಾನಿನ ನಗರದ ಮನೆಗಳಲ್ಲಿ ಆರು ಜನಕ್ಕಿಂತ ಹೆಚ್ಚು ಮಂದಿ ಮೊಣಕೈ ತಾಗದಂತೆ ಕೂರುವುದು ಕಷ್ಟ, ಮತ್ತು ಆತಿಥ್ಯ ವಹಿಸಿದವರು ಅಡುಗೆಮನೆಗೂ ಚೆಂಡಿಗೂ ನಡುವೆ ಓಡಾಡುವುದರಲ್ಲಿ ತಮ್ಮದೊಂದು ಎಸಳನ್ನೂ ಮುಗಿಸಲಾರರು. ನಾಲ್ಕೈದು ಜನರ ಆಪ್ತ ಗುಂಪಿಗೆ ಮಾತ್ರ ನಾನು ಮನೆಯನ್ನು ಸೂಚಿಸುತ್ತೇನೆ.

ಕೋಮಿನ್‌ಕನ್ ಎಂಬ ಸಾರ್ವಜನಿಕ ಸಮುದಾಯ ಭವನಗಳು 1949ರ ಸಾಮಾಜಿಕ ಶಿಕ್ಷಣ ಕಾಯ್ದೆಯ ಅಡಿಯಲ್ಲಿ ನಡೆಯುವವು. ಊರೂರಿನಲ್ಲಿ ಇವೆ ಮತ್ತು ಬಾಡಿಗೆ ಕಡಿಮೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂಬ ಅವಧಿಗಳ ಲೆಕ್ಕದಲ್ಲಿ ಕೋಣೆ ಸಿಗುತ್ತದೆ, ಹಲವು ಕಡೆ ಗುಂಪನ್ನು ಮೊದಲೇ ನೋಂದಾಯಿಸಬೇಕು, ಮತ್ತು ದಾರ ಅಥವಾ ಸಾಮಗ್ರಿಯನ್ನು ಲಾಭಕ್ಕೆ ಮಾರುವುದಕ್ಕೆ ಸಾಮಾನ್ಯವಾಗಿ ಒಪ್ಪಿಗೆ ಇರುವುದಿಲ್ಲ. ಎರಡೂ ದಿನ ಬೆಳಿಗ್ಗೆ ಮತ್ತು ಮಧ್ಯಾಹ್ನದ ಅವಧಿಗಳನ್ನು ಹಿಡಿದರೆ ಹತ್ತು ಗಂಟೆಗಿಂತ ಹೆಚ್ಚು ಕೈಯಲ್ಲಿರುತ್ತದೆ. ಮೇಜು ಕುರ್ಚಿಯ ಕೋಣೆಯೋ ತತಾಮಿ ಚಾಪೆಯ ಕೋಣೆಯೋ ಎಂದು ಕೇಳಿದಾಗ, ಮಂಡಿನೋವಿನವರು ಒಬ್ಬರಿದ್ದರೂ ಮೇಜಿನ ಕೋಣೆಯನ್ನೇ ಹೇಳಿ.

ತತಾಮಿಯನ್ನೇ ಆರಿಸಿದರೆ ಒಂದು ಎಚ್ಚರಿಕೆ ಅತ್ಯಗತ್ಯ. ಒಬ್ಬೊಬ್ಬರ ಬಳಿ ಇಪ್ಪತ್ತು ಮೂವತ್ತು ಗುಂಡುಸೂಜಿಗಳಿರುತ್ತವೆ, ಮತ್ತು ಹುಲ್ಲಿನ ಚಾಪೆಯ ನೇಯ್ಗೆಯಲ್ಲಿ ಬಿದ್ದ ಸೂಜಿ ಕಣ್ಣಿಗೆ ಕಾಣದೆ ಮರುದಿನ ಬರುವ ಮಗುವಿನ ಅಂಗಾಲಿಗೆ ಕಾಣುತ್ತದೆ. ಬಿಳಿಯ ದೊಡ್ಡ ಬಟ್ಟೆ ಹಾಸಿ, ಕೊಡುವಾಗ ಸೂಜಿಗಳನ್ನು ಎಣಿಸಿ ಕೊಟ್ಟು, ಏಳುವಾಗ ಎಣಿಸಿ ಪಡೆದು, ಕೊನೆಗೆ ಒಂದು ಆಯಸ್ಕಾಂತವನ್ನು ಚಾಪೆಯ ಮೇಲೆಲ್ಲ ಆಡಿಸಬೇಕು. ಲೆಕ್ಕ ಸರಿಯಾಗುವವರೆಗೆ ಯಾರೂ ಹೊರಡಬಾರದು.

ರ್ಯೊಕಾನ್ ಅಥವಾ ಮಿನ್‌ಶುಕು ಎಂಬ ಸಾಂಪ್ರದಾಯಿಕ ತಂಗುಮನೆಗಳ ಆಕರ್ಷಣೆ ಎಲ್ಲಕ್ಕಿಂತ ದೊಡ್ಡದು. ಬಿಸಿನೀರಿನ ಸ್ನಾನ, ಕೋಣೆಗೆ ಬರುವ ಚಹಾ, ಕಿಟಕಿಯಾಚೆ ಬೆಟ್ಟ. ಆದರೆ ಗಂಟೆಗಳನ್ನು ಎಣಿಸಿ ನೋಡಿ: ಒಳಗೆ ಬಿಡುವುದು ಹೆಚ್ಚಾಗಿ ಮಧ್ಯಾಹ್ನ ಮೂರಕ್ಕೆ, ಹೊರಡಬೇಕಾದದ್ದು ಬೆಳಿಗ್ಗೆ ಹತ್ತಕ್ಕೆ. ನಡುವೆ ರಾತ್ರಿಯೂಟದ ಹೊತ್ತಿಗೆ ಸಿಬ್ಬಂದಿ ಬಂದು ಅದೇ ಕೋಣೆಯಲ್ಲಿ ಹಾಸಿಗೆ ಹಾಸುತ್ತಾರೆ, ಆಗ ದಾರ, ಕತ್ತರಿ, ಚೆಂಡು ಎಲ್ಲವನ್ನೂ ಎತ್ತಿಡಬೇಕು. ಸೂಜಿಗೆ ದಕ್ಕುವುದು ನಾಲ್ಕೈದು ಗಂಟೆ, ಅದೂ ದೀಪದ ಬೆಳಕಿನಲ್ಲಿ. ಆದ್ದರಿಂದ ತಂಗುಮನೆಯನ್ನು ಆರಿಸುವವರು ಪ್ರತ್ಯೇಕ ಸಭಾಕೋಣೆ ಎರಡೂ ದಿನ ಹಗಲಿನಲ್ಲಿ ಸಿಗುತ್ತದೆಯೇ ಎಂದು ಮೊದಲು ಕೇಳಬೇಕು. ಇಲ್ಲವೆಂದರೆ ಹಗಲಿಗೆ ಸಮುದಾಯ ಭವನ, ರಾತ್ರಿಗೆ ತಂಗುಮನೆ ಎಂದು ಎರಡನ್ನೂ ಕೂಡಿಸಬೇಕು. ಹತ್ತು ಜನರ ಗುಂಪಿಗೆ ನಾನು ಕೊಡುವ ಸಲಹೆ ಈ ಕೂಡಿಕೆಯೇ.

ಯಾವ ಊರಿಗೆ?

ಟೋಕಿಯೊದವರು ಹೆಚ್ಚಿರುವ ಗುಂಪಿಗೆ ನಗಾನೊ ಪ್ರಾಂತದ ಮತ್ಸುಮೊತೊ ಸುಲಭ. ಟೋಕಿಯೊದ ಶಿಂಜುಕು ನಿಲ್ದಾಣದಿಂದ ಅಜುಸಾ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ, ಊರಿನ ಅಂಚಿನಲ್ಲಿಯೇ ಅಸಾಮಾ ಬಿಸಿನೀರಿನ ಬುಗ್ಗೆಗಳ ತಂಗುಮನೆಗಳು. ಅಲ್ಲಿಯ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೂ ತೆಮರಿಯ ಚಿತ್ರವಿದೆ. ನಿಲ್ದಾಣದಿಂದ ಕೋಟೆಯ ಕಡೆಗೆ ತಲೆ ತಗ್ಗಿಸಿ ನಡೆಯುವುದರಲ್ಲಿಯೂ ಒಂದು ಸುಖವಿದೆ. ಮೇ ತಿಂಗಳ ಕೊನೆಯ ವಾರಾಂತ್ಯದಲ್ಲಿ ಅಲ್ಲಿ ದೊಡ್ಡ ಕರಕುಶಲ ಮೇಳ ನಡೆಯುವುದರಿಂದ, ಮೇಳ ನೋಡುವುದೇ ಉದ್ದೇಶವಲ್ಲದಿದ್ದರೆ ಆ ದಿನಗಳನ್ನು ತಪ್ಪಿಸಿ.

ದಾರದ ಬಗ್ಗೆಯೇ ಆಸಕ್ತಿ ಇರುವವರಿಗೆ ಶಿಕೊಕು ದ್ವೀಪದ ತಕಮತ್ಸುವಿಗೆ ಸಮನಾದ ಊರಿಲ್ಲ. ಸಕ್ಕರೆ, ಉಪ್ಪು ಮತ್ತು ಹತ್ತಿ, ಈ ಮೂರನ್ನು ತಕಮತ್ಸು ಇರುವ ಹಳೆಯ ಸಾನುಕಿ ನಾಡಿನ ಮೂರು ಬಿಳುಪುಗಳೆಂದು ಕರೆಯುತ್ತಿದ್ದರು. ಆ ಹತ್ತಿಯ ನೆನಪನ್ನು ಉಳಿಸಿಕೊಂಡಿರುವುದು ಸಾನುಕಿ ಕಗರಿ ತೆಮರಿ: ಒಳಗೆ ಭತ್ತದ ಹೊಟ್ಟು, ಹೊರಗೆ ಗಿಡಮೂಲದ ಬಣ್ಣದ ಹತ್ತಿ ದಾರ. ಇದನ್ನು ಕಾಪಾಡುತ್ತಿರುವ ಸಂಘವೂ ಅದೇ ಊರಿನಲ್ಲಿದೆ. ಟೋಕಿಯೊದಿಂದ ಸನ್‌ರೈಸ್ ಸೆತೊ ಎಂಬ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿಗೆ ತಲುಪಬಹುದು, ಒಸಾಕಾದ ಕಡೆಯವರಿಗೆ ಒಕಯಾಮಾದಲ್ಲಿ ರೈಲು ಬದಲಿಸಿದರೆ ಅಲ್ಲಿಂದ ಸುಮಾರು ಒಂದು ಗಂಟೆ. ದೂರ ಹೆಚ್ಚೆನಿಸಿದರೂ, ಗುಂಪು ಒಮ್ಮೆ ಮಾತ್ರ ಊರು ಬಿಟ್ಟು ಹೋಗುವುದಾದರೆ ಇಲ್ಲಿಗೇ ಹೋಗಲಿ ಎನ್ನುತ್ತೇನೆ.

ಫುಕುವೊಕಾ ಪ್ರಾಂತದ ಯನಗಾವಾ ಹೊಲಿಯುವುದಕ್ಕಿಂತ ನೋಡುವುದಕ್ಕೆ ಹೆಚ್ಚು ಸೂಕ್ತ. ಹೆಣ್ಣುಮಗು ಹುಟ್ಟಿದ ಮನೆಯಲ್ಲಿ ಹಿನಾ ಎಂಬ ಗೊಂಬೆ ಹಬ್ಬಕ್ಕೆ ತೂಗುಬಿಡುವ ಸಗೆಮೊನ್ ಎಂಬ ಅಲಂಕಾರದಲ್ಲಿ ಏಳು ಎಳೆಗಳ ಮೇಲೆ ಏಳೇಳರಂತೆ ನಲವತ್ತೊಂಬತ್ತು ಪುಟ್ಟ ವಸ್ತುಗಳು, ನಡುವೆ ಎರಡು ದೊಡ್ಡ ಯನಗಾವಾ ಚೆಂಡುಗಳು, ಒಟ್ಟು ಐವತ್ತೊಂದು. ಮನುಷ್ಯನ ಆಯುಸ್ಸು ಐವತ್ತು ಎನ್ನುತ್ತಿದ್ದ ಕಾಲದಲ್ಲಿ ಒಂದು ವರ್ಷವಾದರೂ ಹೆಚ್ಚು ಬಾಳಲಿ ಎಂಬ ಹಾರೈಕೆ ಅದು. ಫೆಬ್ರುವರಿ 11ರಿಂದ ಏಪ್ರಿಲ್ 3ರವರೆಗೆ ಊರೆಲ್ಲ ಇವು ತೂಗುತ್ತಿರುತ್ತವೆ. ಇನ್ನು ಅಕಿತಾ ಪ್ರಾಂತದ ಯುರಿಹೊಂಜೊದ ಗೋತೆನ್‌ಮರಿ ಎಂಬ ಚೆಂಡಿಗೆ ಮೂರು ಕಡೆ ಕುಚ್ಚು ಇರುತ್ತದೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ಅಭ್ಯಾಸವಿರುವ ಗೆಳತಿಯರಿಗೆ ಅದು ತಕ್ಷಣ ಒಲಿಯುತ್ತದೆ. ಅಲ್ಲಿಗೆ ಹಿಮ ಕರಗಿದ ಮೇಲೆಯೇ ಹೋಗಿ.

ಋತು, ಊಟ

ಅಕ್ಟೋಬರ್ ಮತ್ತು ನವೆಂಬರ್ ಮೊದಲ ಭಾಗ ನನ್ನ ಮೆಚ್ಚಿನ ಕಾಲ. ಜೂನ್‌ನ ಮಳೆಗಾಲದಲ್ಲಿ ಹೊಟ್ಟು ತೇವ ಹಿಡಿಯುತ್ತದೆ. ಡಿಸೆಂಬರಿನಲ್ಲಿ ಟೋಕಿಯೊದ ಸೂರ್ಯ ಸಂಜೆ ನಾಲ್ಕೂವರೆಗೇ ಮುಳುಗುತ್ತಾನೆ, ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯದೆ ತಪ್ಪು ದಾರ ಹೊಲಿದಿರುತ್ತೇವೆ. ಚಳಿಗಾಲದಲ್ಲಿಯೇ ಸೇರುವುದಾದರೆ ಫೆಬ್ರುವರಿ 8ರ ಆಸುಪಾಸಿನ ವಾರಾಂತ್ಯ ಹಿಡಿಯಿರಿ. ಟೋಕಿಯೊದ ಸುತ್ತಮುತ್ತ ಅಂದು ಹರಿಕುಯೊ, ಮುರಿದ ಸೂಜಿಗಳಿಗೆ ಕೃತಜ್ಞತೆ ಸಲ್ಲಿಸುವ ದಿನ. ಮೆತ್ತನೆಯ ತೋಫುವಿನಲ್ಲಿ ಆ ಸೂಜಿಗಳನ್ನು ಚುಚ್ಚಿ ವಿಶ್ರಾಂತಿ ಕೊಡುತ್ತಾರೆ. ಆಯುಧಪೂಜೆಯ ದಿನ ಹೊಲಿಗೆ ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಊಟದಲ್ಲಿ ಎಣ್ಣೆ ಜಿಡ್ಡಿನ ತಿಂಡಿಯನ್ನು ಹೊಲಿಗೆಯ ಮೇಜಿನಿಂದ ದೂರವಿಡಬೇಕು. ತಿಳಿ ಬಣ್ಣದ ದಾರಕ್ಕೆ ತಾಗಿದ ಜಿಡ್ಡು ಹೋಗುವುದಿಲ್ಲ. ಸಸ್ಯಾಹಾರಿಗಳಿದ್ದರೆ ತಂಗುಮನೆಗೆ ಮೊದಲೇ ತಿಳಿಸಬೇಕು, ಏಕೆಂದರೆ ದಾಶಿ ಎಂಬ ಸಾರಿನ ತಳ ಹೆಚ್ಚಾಗಿ ಮೀನಿನದು, ತಕಮತ್ಸುವಿನ ಹೆಸರುವಾಸಿ ಉದೊನ್ ಎಂಬ ದಪ್ಪ ಶ್ಯಾವಿಗೆಗೂ ಒಣಮೀನಿನ ಸಾರೇ. ಮೊಸರನ್ನವನ್ನು ಡಬ್ಬಿಯಲ್ಲಿ ಒಯ್ದರೆ ಯಾರಿಗೂ ತೊಂದರೆಯಿಲ್ಲ.

ಎಲ್ಲರೂ ಸೇರಿ ಹೊಲಿದ ದೊಡ್ಡ ಚೆಂಡು ಯಾರ ಮನೆಗೆ ಹೋಗಬೇಕೆಂಬುದನ್ನು ಶನಿವಾರವೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಗುಂಪಿನಲ್ಲಿ ಅದು ಮುಂದಿನ ಕೂಟದ ಹೊಣೆ ಹೊತ್ತವರ ಜೊತೆ ಹೋಗುತ್ತದೆ, ಮತ್ತು ಯಾರದಾದರೂ ಪಾಲು ಮುಗಿಯದೆ ಉಳಿದಿದ್ದರೆ ಸೂಜಿಯನ್ನು ಅಲ್ಲಿಯೇ ಸಿಕ್ಕಿಸಿ, ದಾರದ ಲಡಿಯನ್ನು ಜೊತೆಗಿಟ್ಟು ಕೊಡುತ್ತೇವೆ.